ಮೇಣದಮ್ಮನ ತಪಸ್ಸುಕಾಲ

ಮೇಣದಮ್ಮ ಆ ವರ್ಷ ಈಸ್ಟರ್ ಹಬ್ಬದವರೆಗೆ ಯಾರ ತಪ್ಪನ್ನೂ ಎತ್ತಿ ಆಡುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟುಬಿಟ್ಟಳು. ಕೊಟ್ಟ ಮರುಗಳಿಗೆಯೇ ಗೊತ್ತಾಯಿತು, ಇದಕ್ಕಿಂತ ಉಪವಾಸ ಎಷ್ಟೋ ವಾಸಿ ಎಂದು.

ಹೊಟ್ಟೆಯನ್ನಾದರೆ ಒಂದು ಲೋಟ ನೀರು ಕೊಟ್ಟು ಸುಮ್ಮನಿರಿಸಬಹುದು. ನಾಲಿಗೆಯನ್ನು ಹೇಗೆ ಸುಮ್ಮನಿರಿಸುವುದು? ಅದರಲ್ಲೂ ಅವಳ ನಾಲಿಗೆಯನ್ನು? ಬೀದಿಯಲ್ಲಿ ಯಾರ ಮನೆ ಬಾಗಿಲು ಕಿರುಗುಟ್ಟುತ್ತದೆ, ಯಾರು ಒಗೆದು ಹರವಿದ ಬಟ್ಟೆಯಲ್ಲಿ ಇನ್ನೂ ಸೋಪು ಉಳಿದಿದೆ, ಬೇಕರಿಯವನ ಬ್ರೆಡ್ಡು ಯಾವ ದಿನ ಒಂದು ಮಗ್ಗುಲು ಸೀದಿದೆ, ಎಲ್ಲವೂ ಅವಳ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದದ್ದು ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರ ಬಾಯಿಗೆ ಬರುತ್ತಿತ್ತು. ಹಾಗಂತ ಕೆಟ್ಟ ಮನಸ್ಸಿನವಳಲ್ಲ. ಹೇಳಿ ಮುಗಿಸಿದ ಮೇಲೆ ಪೂರ್ತಿ ಮರೆತುಬಿಡುತ್ತಿದ್ದಳು. ಹೇಳಿಸಿಕೊಂಡವರು ಮರೆಯುತ್ತಿರಲಿಲ್ಲ, ಅಷ್ಟೇ.

ಮೇಣದಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಮನೆಯ ಮುಂಭಾಗದ ಕೋಣೆಯಲ್ಲೇ ಮೇಣದಬತ್ತಿ ಮಾಡುವ ಕೆಲಸ, ಅವಳ ಅಪ್ಪನ ಕಾಲದಿಂದ ಬಂದದ್ದು. ಬೆಳಗಿನಿಂದ ಸಂಜೆಯವರೆಗೆ ಕರಗಿದ ಮೇಣದ ಪಕ್ಕದಲ್ಲೇ ಇದ್ದು ಇದ್ದು ಅವಳ ತಲೆಗೂದಲಿಗೂ ಅದೇ ವಾಸನೆ ಹತ್ತಿತ್ತು. ಮಗ ಕರೆಂಟಿನ ಕೆಲಸದವನು. ಮನೆಮನೆಗೆ ಹೋಗಿ ಸ್ವಿಚ್ಚು, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು. "ಕರೆಂಟು ಹೋದ್ರೆ ಅಮ್ಮನಿಗೆ ವ್ಯಾಪಾರ, ಸರಿ ಮಾಡು ಬಾ ಅಂತ ಕರೆದ್ರೆ ಮಗನಿಗೆ ವ್ಯಾಪಾರ. ಆ ಮನೆಯವರಿಗೆ ಕತ್ತಲಲ್ಲೂ ಸುಗ್ಗಿ, ಬೆಳಕಲ್ಲೂ ಸುಗ್ಗಿ" ಎಂದು ಬೀದಿಯವರು ಆಡಿಕೊಂಡು ನಗುತ್ತಿದ್ದರು.

ಸೊಸೆ ಬಂದು ವರ್ಷವಾಗುತ್ತಾ ಬಂದಿತ್ತು. ದರ್ಜಿಯ ಮಗಳು. ಬೆರಳು ಚುರುಕು, ಮಾತು ಕಡಿಮೆ. ತಾನಾಗಿಯೇ ಮೇಣದ ಕೋಣೆಗೆ ಬಂದು, "ನಂಗೂ ಕಲಿಸಿ ಅತ್ತೆ" ಎಂದಿದ್ದಳು. ಮೇಣದಮ್ಮ ಕಲಿಸಿದಳು, ತನ್ನ ರೀತಿಯಲ್ಲಿ: "ಅಯ್ಯೋ, ಸೌಟು ಹಿಡಿಯೋದು ಹೀಗಾ? ಮೇಣ ಸುರೀತಿದೀಯೋ, ಗಿಡಕ್ಕೆ ನೀರು ಹಾಕ್ತಿದೀಯೋ?" ಒಂದು ದಿನ ಆ ಹುಡುಗಿ ಒಲೆಯ ಹಿಂದೆ ನಿಂತು ಕಣ್ಣೊರೆಸಿಕೊಳ್ಳುವುದು ಕಂಡಿತು. ಹೊಗೆಗೆ ಇರಬೇಕು ಎಂದುಕೊಂಡಳು. ಆದರೆ ಅವತ್ತು ಒಲೆ ಹೊತ್ತಿಸಿಯೇ ಇರಲಿಲ್ಲ. ಅದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನ ಚಿಕ್ಕ ಫಾದರ್ ಬಳಿ ಹೋದಾಗ ಆ ಮುಳ್ಳು ಇನ್ನೂ ಚುಚ್ಚುತ್ತಲೇ ಇತ್ತು. ಚಿಕ್ಕ ಫಾದರ್ ಎಂದರೆ ಚರ್ಚಿಗೆ ಹೊಸದಾಗಿ ಬಂದ ಪಾದ್ರಿ. ಹೆಸರಿಗಷ್ಟೇ ಚಿಕ್ಕ, ಆಳು ಬಾಗಿಲಿಗೆ ತಲೆ ತಗ್ಗಿಸಿ ಬರಬೇಕು.

"ಫಾದರ್, ಈ ತಪಸ್ಸುಕಾಲಕ್ಕೆ ಮಾಂಸ ಬಿಡ್ತೀನಿ."

"ಹೋದ ಸಲ ಏನು ಬಿಟ್ಟಿದ್ರಿ ಅಮ್ಮಾ?"

"ಮಾಂಸ."

"ಅದಕ್ಕೆ ಮುಂಚೆ?"

"ಅದೇ."

"ನಿಮಗೆ ಮಾಂಸ ಅಂದ್ರೆ ಅಷ್ಟು ಇಷ್ಟವಾ?"

"ಹಲ್ಲಿಗೆ ಸಿಕ್ಕಾಕೊಳ್ಳುತ್ತೆ ಫಾದರ್. ನಂಗೆ ಅದು ಅಷ್ಟಕ್ಕಷ್ಟೆ."

ಫಾದರ್ ಗಲ್ಲ ಕೆರೆದುಕೊಂಡರು. "ಹಾಗಾದ್ರೆ ಇಷ್ಟವಾಗಿರೋದೇನಾದ್ರೂ ಬಿಡಿ. ನೀವು ಒಳಗೆ ಬಂದು ಇನ್ನೂ ಕೂತಿಲ್ಲ. ಅಷ್ಟರಲ್ಲೇ ಪೀಠದ ಬಟ್ಟೆ ಮಡಿಕೆ ಸರಿಯಿಲ್ಲ ಅಂದ್ರಿ, ಹೂದಾನೀಲಿ ಧೂಳು ಅಂದ್ರಿ, ಗಂಟೆ ಹೊಡೆಯೋ ತಾತನ ಅಂಗಿ ಗುಂಡಿ ತಪ್ಪಿದೆ ಅಂದ್ರಿ. ಅದನ್ನೇ ಬಿಡಿ ನೋಡೋಣ, ಈಸ್ಟರ್ ತನಕ."

"ತಪ್ಪು ಹೇಳೋದನ್ನಾ?"

"ತಪ್ಪು ಹುಡುಕೋದನ್ನ. ಮತ್ತೆ, ಬಿಟ್ಟಿದೀನಿ ಅಂತ ಯಾರ ಹತ್ರಾನೂ ಹೇಳ್ಕೋಬೇಡಿ. ಊರಿಗೆಲ್ಲ ಸಾರಿದ್ರೆ ಅದು ಡಂಗುರ ಆಗುತ್ತೆ, ತಪಸ್ಸು ಆಗಲ್ಲ."

ಸೊಸೆಯ ಒದ್ದೆ ಕಣ್ಣು ನೆನಪಾಗಿ ಮೇಣದಮ್ಮ ಹೂಂ ಅಂದುಬಿಟ್ಟಳು. ಅಂದದ್ದು ಅಂದಾಗಿತ್ತು, ಇನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ.

ಮೊದಲ ದಿನಗಳಂತೂ ಹೇಳತೀರದು. ತಪ್ಪು ಕಂಡಾಗಲೆಲ್ಲ ಹೋಗಿ ಬಾಯಿ ತುಂಬಾ ನೀರು ತುಂಬಿಕೊಂಡು ನಿಲ್ಲುವ ಉಪಾಯ ಕಂಡುಕೊಂಡಳು. ತುಂಬಿದ ಬಾಯಿಂದ ಮಾತು ಹೊರಡುವುದಿಲ್ಲ. ಹೂಜಿ ಖಾಲಿಯಾಗುವ ವೇಗ ನೋಡಿ ಮಗನಿಗೆ ಗಾಬರಿ. "ಏನಮ್ಮ, ಇಷ್ಟು ನೀರು ಕುಡೀತಿದೀಯ? ಡಾಕ್ಟರ ಹತ್ರ ಹೋಗೋಣವಾ?" ಎಂದ. ಅವಳು ಕೆನ್ನೆ ಉಬ್ಬಿಸಿಕೊಂಡೇ ಬೇಡವೆಂದು ಕೈಯಾಡಿಸಿದಳು. ನೀರು ಸಾಲದೆ ಹೋದಾಗ ಮೇಣದ ಪಾತ್ರೆಯನ್ನು ಬೈಯಲು ಶುರುಮಾಡಿದಳು. "ನಿಂಗೆ ಬುದ್ಧಿ ಇದೆಯಾ? ಇಷ್ಟೊತ್ತಾದ್ರೂ ಕಾದಿಲ್ಲವಲ್ಲ!" ಪಾತ್ರೆಗೆ ಆತ್ಮವಿಲ್ಲ, ಹಾಗಾಗಿ ಪಾಪವೂ ಇಲ್ಲ ಎಂದು ಲೆಕ್ಕ ಹಾಕಿದ್ದಳು. ಆದರೆ ಪಾತ್ರೆಯ ಪಕ್ಕದಲ್ಲಿದ್ದ ಸೊಸೆಯ ಮುಖ ಸಣ್ಣಗಾದದ್ದು ಕಂಡು ಅದನ್ನೂ ಬಿಟ್ಟಳು.

ಬರುಬರುತ್ತಾ ಮನೆ ನಿಶ್ಶಬ್ದವಾಯಿತು. ಒಂದು ಸಂಜೆ ಅಡುಗೆಗೆ ಉಪ್ಪೇ ಬಿದ್ದಿರಲಿಲ್ಲ. ಮಗ ಒಂದು ತುತ್ತು ಬಾಯಿಗಿಟ್ಟು ಅಮ್ಮನನ್ನೇ ನೋಡಿದ. ಅಮ್ಮ ತಲೆ ತಗ್ಗಿಸಿ ಎಲ್ಲವನ್ನೂ ತಿಂದು, ತಟ್ಟೆ ತೊಳೆದಿಟ್ಟು, "ಹೊಟ್ಟೆ ತುಂಬ್ತು" ಎಂದು ಹೋಗಿ ಮಲಗಿದಳು. ಸೊಸೆ ತಟ್ಟೆಯ ಮುಂದೆ ಹಾಗೇ ಕೂತಿದ್ದಳು. ಎಷ್ಟು ನೆಮ್ಮದಿಯಾಗಿದೆ ನೋಡು ಹುಡುಗಿಗೆ ಎಂದು ಮೇಣದಮ್ಮ ಕತ್ತಲಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಇಷ್ಟಾದರೂ ನಿಜವಾದ ಪರೀಕ್ಷೆ ಇನ್ನೂ ಬಂದಿರಲಿಲ್ಲ. ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆ ಸ್ವಲ್ಪ ಮುಂಚೆ ಮೇಣದಮ್ಮ ಸ್ಟೂಲಿನಿಂದ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡಳು. ಡಾಕ್ಟರು ಪಟ್ಟಿ ಸುತ್ತಿ, ಹಬ್ಬ ಕಳೆಯುವವರೆಗೆ ಸೌಟು ಎತ್ತಕೂಡದು ಎಂದುಬಿಟ್ಟರು. ಹಬ್ಬದ ಮುಂಚೆಯೇ ತಾನೇ ಸೌಟು ಎತ್ತಬೇಕಾದದ್ದು! ಆ ಚರ್ಚಿನ ಪಾಸ್ಖ ಬತ್ತಿ ಅವಳ ಮನೆಯಿಂದಲೇ ಹೋಗಬೇಕು. ಈಸ್ಟರಿನ ಹಿಂದಿನ ಶನಿವಾರ ಕತ್ತಲಾದ ಮೇಲೆ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಆ ಬೆಂಕಿಯಿಂದ ಹಚ್ಚಿ, ಎತ್ತಿ ಹಿಡಿದು ಒಳಗೆ ತರುವ ಬತ್ತಿ ಅದು. ಸತ್ತು ಸಮಾಧಿಯಲ್ಲಿದ್ದವನು ಎದ್ದುಬಂದ ಎಂದು ಸಾರುವ ಬೆಳಕು. ತೊಡೆಯಷ್ಟು ದಪ್ಪ, ಎದೆಮಟ್ಟಕ್ಕೆ ಬರುವ ಎತ್ತರ, ಅಚ್ಚ ಜೇನುಮೇಣ. ಅಪ್ಪ ಮಾಡುತ್ತಿದ್ದ, ಅವನ ನಂತರ ಅವಳು. ಬೇರೆ ಯಾರ ಕೈಗೂ ಅವಳು ಅದನ್ನು ಕೊಟ್ಟವಳಲ್ಲ.

"ನಾನು ಮಾಡ್ತೀನಿ ಅತ್ತೆ. ನೀವು ಪಕ್ಕದಲ್ಲಿ ಕೂತು ಹೇಳಿ, ಸಾಕು" ಎಂದಳು ಸೊಸೆ.

ಪಕ್ಕದಲ್ಲಿ ಕೂರಬಹುದು. ಹೇಳುವುದೇ ಆಗದಲ್ಲ! ಸುಮ್ಮನೆ ಕೂರಲಾಗದೆ, ಹಬ್ಬದಲ್ಲಿ ಜನ ಕೈಯಲ್ಲಿ ಹಿಡಿಯುವ ಪುಟ್ಟ ಬತ್ತಿಗಳಿಗೆ ತಾನೇ ಎಡಗೈಯಲ್ಲಿ ದಾರ ಪೋಣಿಸುತ್ತೇನೆಂದು ಹಟ ಹಿಡಿದಳು.

ಆದರೂ ಹುಡುಗಿ ಸುರಿದಳು. ದಾರವನ್ನು ಕೊಕ್ಕೆಗೆ ತೂಗುಹಾಕಿ, ಮೇಲಿನಿಂದ ಸೌಟು ಸೌಟಾಗಿ ಮೇಣ ಇಳಿಬಿಟ್ಟಳು. ಒಂದು ಪದರ ಆರಿದ ಮೇಲೆ ಇನ್ನೊಂದು. ಮತ್ತೆ ಒದ್ದೆ ಮೇಜಿನ ಮೇಲೆ ಹಲಗೆಯಿಂದ ಉರುಳಿಸಿ ನುಣುಪು ಮಾಡಿ, ಎರಡು ತುದಿಯನ್ನೂ ಸಮನಾಗಿ ಕತ್ತರಿಸಿದಳು. ಮೇಣದಮ್ಮನಿಗೆ ಹೇಳಲು ನೂರು ಮಾತಿತ್ತು. ಆದರೆ ಬತ್ತಿ ನೋಡಿದರೆ, ಅವಳೇ ಒಪ್ಪಿಕೊಳ್ಳಬೇಕು, ಕೈಯಾಡಿಸಿದಲ್ಲೆಲ್ಲ ಗಾಜಿನ ಹಾಗಿತ್ತು. ಹೊಗಳಬಹುದಿತ್ತು. ಹೊಗಳುವುದನ್ನು ಯಾರೂ ಬಿಡು ಎಂದಿರಲಿಲ್ಲ. ಆದರೆ ಅಭ್ಯಾಸವಿಲ್ಲದ ಮಾತು ಸುಲಭಕ್ಕೆ ಬಾಯಿಗೆ ಬರುವುದಿಲ್ಲವಲ್ಲ. "ಹೂಂ" ಎಂದಳು. ಸೊಸೆ ಇನ್ನೇನಾದರೂ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದು, ಬತ್ತಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಳು.

ಶುಭ ಶುಕ್ರವಾರ ಯಾರೂ ಕೆಲಸ ಮುಟ್ಟಲಿಲ್ಲ. ಚರ್ಚಿನಲ್ಲಿ ಪೀಠ ಬರಿದಾಗಿತ್ತು: ಬಟ್ಟೆಯಿಲ್ಲ, ಹೂವಿಲ್ಲ, ದೀಪವಿಲ್ಲ. ಗಂಟೆಗಳಿಗೂ ಮೌನ. ಗಂಟೆ ತಾತ ಮರದ ಗಿರಗಟ್ಟೆ ತಿರುಗಿಸುತ್ತಾ ಜನರನ್ನು ಕರೆದ. ಸಾಲಾಗಿ ಹೋಗಿ ಎಲ್ಲರೂ ಶಿಲುಬೆಗೆ ಮುತ್ತಿಟ್ಟರು. ಮೇಣದಮ್ಮ ಬಗ್ಗಿದಾಗ, ಇನ್ನೊಂದೇ ದಿನ ಸ್ವಾಮಿ, ನನ್ನ ಬಾಯಿ ಕಾಯಿ, ಎಂದು ಬೇಡಿಕೊಂಡಳು.

ಅನಾಹುತವಾದದ್ದು ಆ ಒಂದೇ ದಿನ.

ಶನಿವಾರ ಬೆಳಿಗ್ಗೆ ಸೊಸೆ ಬಟ್ಟೆ ಬಿಚ್ಚಿ, ಬತ್ತಿಯನ್ನು ಉದ್ದ ಹಲಗೆಯ ಮೇಲೆ ಮಲಗಿಸಿ ಸಿಂಗಾರಕ್ಕೆ ಕೂತಳು. ಕೆಂಪು ಮೇಣದ ತೆಳು ಹಾಳೆಯಿಂದ ಶಿಲುಬೆ ಕತ್ತರಿಸಿ, ಅಂಗೈ ಶಾಖದಲ್ಲಿ ಮೆತ್ತಗೆ ಮಾಡಿ ಒತ್ತುವುದು. ಶಿಲುಬೆಯ ಮೇಲೆ ಆಲ್ಫಾ, ಕೆಳಗೆ ಒಮೇಗಾ, ಮೊದಲೂ ಅವನೇ ಕೊನೆಯೂ ಅವನೇ ಎನ್ನುವ ಗುರುತು. ಮಧ್ಯದಲ್ಲಿ ವರ್ಷದ ಅಂಕಿ. ದರ್ಜಿಯ ಮಗಳ ಕತ್ತರಿ, ಕೇಳಬೇಕೆ? ಅಂಚು ಎಲ್ಲೂ ಹರಿಯಲಿಲ್ಲ.

ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಮೇಜಿನ ಮೇಲೆ ಮಲಗಿದ ಬತ್ತಿಯ ತಲೆ ಯಾವಾಗಲೂ ಕಿಟಕಿಯ ಕಡೆ, ಬುಡ ಬಾಗಿಲ ಕಡೆ. ಉರುಳಿಸಿ ಕತ್ತರಿಸಿದ ಮೇಲೆ ಎರಡು ತುದಿಯೂ ಒಂದೇ ಥರ ಕಾಣುವುದರಿಂದ ಅಪ್ಪ ಮಾಡಿದ್ದ ನಿಯಮ. ಸೊಸೆಯೂ ಹಾಗೇ ಇಟ್ಟಿದ್ದಳು. ಆದರೆ ಬಿಸಿಲು ಕಣ್ಣಿಗೆ ಹೊಡೆಯಿತೆಂದು ಕೆಲಸದ ನಡುವೆ ಹಲಗೆಯನ್ನೇ ಗಿರಕ್ಕನೆ ತಿರುಗಿಸಿಕೊಂಡಳು. ಸಿಂಗಾರ ಮುಗಿಸಿ, ಕೆಂಪು ಮೇಣ ಕರಗದಿರಲೆಂದು ಒದ್ದೆ ಬಟ್ಟೆ ಹೊದಿಸಿ, ಬೈರಿಗೆ ತರಲು ಒಳಗೆ ಹೋದಳು. ಬತ್ತಿಯ ಬುಡಕ್ಕೆ ಗೇಣುದ್ದ ತೂತು ಕೊರೆಯಬೇಕು. ಚರ್ಚಿನಲ್ಲಿ ಬತ್ತಿ ನಿಲ್ಲಿಸುವ ಕಂಬದ ಮೊಳೆ ಅದರೊಳಗೆ ಕೂರುತ್ತದೆ.

ಹಲಗೆ ತಿರುಗಿದ್ದನ್ನು ಮೇಣದಮ್ಮ ನೋಡಿದ್ದಳು. ವಾಪಸು ತಿರುಗಿಸ್ತಾಳೆ ಬಿಡು ಎಂದುಕೊಂಡಳು. ಸೊಸೆ ಬಿಸಿನೀರಲ್ಲಿ ಅದ್ದಿದ ಬೈರಿಗೆ ಹಿಡಿದು ಬಂದವಳು, ಅಭ್ಯಾಸದಂತೆ ಸೀದಾ ಬಾಗಿಲ ಕಡೆಯ ತುದಿಗೆ ಹೋಗಿ ನಿಂತಳು. ಕೂಡಲೇ ಮೇಣದಮ್ಮನ ಕೈ ತಾನಾಗಿಯೇ ಹೂಜಿಗೆ ಹೋಯಿತು, ಬಾಯಿ ತುಂಬಾ ನೀರು.

"ಇಲ್ಲೇ ತಾನೆ ಅತ್ತೆ?" ಎಂದಳು ಸೊಸೆ.

ಅಲ್ಲ ಎನ್ನಲು ಮೇಣದಮ್ಮ ಬಾಯಿ ತೆರೆಯಹೋದಳು. ನೀರು ನೆತ್ತಿಗೇರಿತು. ಕೆಮ್ಮು ಬಂತು ನೋಡಿ, ಎಂಥ ಕೆಮ್ಮು! ತಲೆ ಕೆಳಗೂ ಮೇಲೂ ಕೆಳಗೂ ಮೇಲೂ. ಸೊಸೆಗೆ ಅದು ಹೂಂ ಹೂಂ ಎಂದು ತಲೆಯಾಡಿಸಿದ ಹಾಗೆ ಕಂಡಿತು. "ಸರಿ ಅತ್ತೆ. ನಿಧಾನ, ನೀರು ಕುಡೀರಿ" ಎಂದು ಬೈರಿಗೆ ಒತ್ತಿ ತಿರುವಿದಳು. ಕೆಮ್ಮು ನಿಂತು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬತ್ತಿಯ ತಲೆಗೆ ಗೇಣುದ್ದ ತೂತು ಬಿದ್ದಾಗಿತ್ತು, ನಡುವಿನ ದಾರ ತುಂಡುತುಂಡಾಗಿ ಮೇಣದ ಪುಡಿಯ ಜೊತೆ ಆಚೆ ಬರುತ್ತಿತ್ತು.

ಈಗ ಏನು ಹೇಳಿದರೂ ಅದು ಆಗಿಹೋದ ತಪ್ಪು. ಒಂದು ಮಾತು ಆಡಿದರೆ ಕಟ್ಟೆ ಒಡೆದ ಹಾಗೆ ಎಲ್ಲವೂ ನುಗ್ಗಿ ಬರುತ್ತದೆಂದು ಅವಳಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡು, "ಚರ್ಚಿಗೆ ಹೋಗ್ಬರ್ತೀನಿ" ಎಂದು ಹೊರಟೇಬಿಟ್ಟಳು.

ಚರ್ಚಿನ ಅಂಗಳದಲ್ಲಿ ಚಿಕ್ಕ ಫಾದರ್ ತೋಳು ಮಡಚಿಕೊಂಡು, ಗಂಟೆ ತಾತನ ಜೊತೆ ಕಬ್ಬಿಣದ ಬಾಣಲಿಯಲ್ಲಿ ಸಂಜೆಯ ಬೆಂಕಿಗೆ ಕಟ್ಟಿಗೆ ಜೋಡಿಸುತ್ತಿದ್ದರು.

"ಫಾದರ್, ನಾನು ಕೊಟ್ಟ ಮಾತು ವಾಪಸ್ ಕೊಡಿ!"

"ಸಂಜೆಗೆ ಮುಗೀತಲ್ಲ ಅಮ್ಮಾ, ಇಷ್ಟು ದಿನ ತಡ್ಕೊಂಡ್ರಿ."

"ಸಂಜೆ ತನಕ ತಡ್ಕೊಂಡ್ರೆ, ನೀವು ಶಿಲುಬೇನ ತಲೆಕೆಳಗಾಗಿ ಎತ್ತಿ ಹಿಡಿದು ಬರ್ತೀರಿ!"

ಗಂಟೆ ತಾತನ ಕೈಯಿಂದ ಕಟ್ಟಿಗೆ ಜಾರಿತು. ಮೇಣದಮ್ಮ ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಕೆಮ್ಮಿನ ಭಾಗಕ್ಕೆ ಬರುವಷ್ಟರಲ್ಲಿ ಫಾದರ್ ಮುಖ ಆಚೆ ತಿರುಗಿಸಿಕೊಂಡಿದ್ದರು, ಭುಜ ಕುಲುಕುತ್ತಿತ್ತು.

"ನಗೋದೇನಿದೆ ಫಾದರ್?"

"ಏನಿಲ್ಲ, ಏನಿಲ್ಲ. ಅಮ್ಮಾ, ನಾನು ತಪ್ಪು ಹುಡುಕಬೇಡಿ ಅಂದೆ. ಎದುರಿಗೆ ಬಂದು ನಿಂತಿದ್ದನ್ನೂ ಹೇಳಬೇಡಿ ಅಂದ್ನಾ?"

"ಬಾಯಿ ಬಿಟ್ರೆ ಅದೊಂದೇ ಬರಲ್ಲ. ಬೂದಿ ಬುಧವಾರದಿಂದ ಕೂಡಿಟ್ಟಿದ್ದೆಲ್ಲ ಬರುತ್ತೆ. ಪಾಪ ಆ ಹುಡುಗಿ ಕೊಚ್ಚಿಕೊಂಡು ಹೋಗ್ತಾಳೆ."

"ಒಂದು ಕೇಳ್ತೀನಿ, ನಿಜ ಹೇಳಿ. ಅವಳು ತಪ್ಪಿದ್ದು ನೋಡಿ ಬೇಜಾರಾಯ್ತಾ, ಖುಷಿ ಆಯ್ತಾ?"

ಮೇಣದಮ್ಮ ಪಟ್ಟಿ ಕಟ್ಟಿದ ಕೈ ನೋಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು, "ಅರ್ಧ ಅರ್ಧ ಫಾದರ್. ಬತ್ತಿ ಹಾಳಾಯ್ತಲ್ಲ ಅಂತ ಬೇಜಾರು. ನನ್ನ ಕೈ ಬೀಳದೆ ಈ ಮನೇಲಿ ಬತ್ತಿ ನೆಟ್ಟಗಾಗಲ್ಲ ಅಂತ... ಒಂಚೂರು ಖುಷಿ."

ಈ ಸಲ ಫಾದರ್ ನಗಲಿಲ್ಲ. "ಹಾಗಾದ್ರೆ ಬತ್ತಿಯ ಅರ್ಧ ಮಾತ್ರ ಹೋಗಿ ಹೇಳಿ. ಇನ್ನರ್ಧ ಇಲ್ಲೇ ಬಿಟ್ಟುಹೋಗಿ, ಸಂಜೆ ಈ ಬೆಂಕಿಗೆ ಹಾಕೋಣ."

ದಾರಿಯುದ್ದಕ್ಕೂ ಅವಳು ಬತ್ತಿಯ ಅರ್ಧವನ್ನು ಅಭ್ಯಾಸ ಮಾಡಿದಳು. 'ಹುಡುಗಿ, ತೂತು ತಲೆಗೆ ಬಿದ್ದಿದೆ.' ಛೆ, ಬಿರುಸಾಯಿತು. 'ನೋಡಮ್ಮ, ಒಂದು ಸಣ್ಣ ವಿಷಯ.' ಸಣ್ಣದೇನು ಬಂತು, ಗೇಣುದ್ದ ಇದೆ! ಬೇಕರಿಯವನು ಬಾಗಿಲಲ್ಲಿ ನಿಂತು, "ಏನಮ್ಮ, ಒಬ್ಬರೇ ಯಾರ ಜೊತೆ ಜಗಳ?" ಎಂದ. ಅವಳಿಗೆ ಕೇಳಿಸಲೇ ಇಲ್ಲ.

ಮನೆಗೆ ಬಂದರೆ ಒದ್ದೆ ಬಟ್ಟೆ ನೆಲದ ಮೇಲಿತ್ತು. ಸೊಸೆಯೂ ನೆಲದ ಮೇಲೆ, ಮೇಜಿನ ಕಾಲಿಗೆ ಒರಗಿ ಕೂತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು.

"ಹುಡುಗಿ..." ಎಂದಳು ಮೇಣದಮ್ಮ.

"ನೀವು ನೋಡಿದ್ರಿ ಅತ್ತೆ." ಸೊಸೆ ತಲೆ ಎತ್ತಲಿಲ್ಲ. "ಹಲಗೆ ತಿರುಗಿಸಿದಾಗ್ಲೂ ನೋಡ್ತಿದ್ರಿ. ಇಲ್ಲೇ ತಾನೆ ಅಂತ ಕೇಳಿದೆ, ತಲೆ ಆಡಿಸಿದ್ರಿ. ಇಡೀ ಚರ್ಚಿನ ಮುಂದೆ ನನ್ನ ಮರ್ಯಾದೆ ಹೋಗ್ಲಿ ಅಂತಾನಾ?"

"ಅಯ್ಯೋ, ಅದು ಕೆಮ್ಮು ಕಣೇ!"

"ಬಂದ ಹೊಸದರಲ್ಲಿ ಬೈತಿದ್ರಿ. ಅಳು ಬರ್ತಿತ್ತು, ನಿಜ. ಆದ್ರೆ ಮಾರನೇ ದಿನ ಕೈ ಸರಿಹೋಗ್ತಿತ್ತು. ಈಗ ಒಂದು ಮಾತಿಲ್ಲ, ಕಥೆಯಿಲ್ಲ. ಏನು ಮಾಡಿದ್ರೂ ಹೂಂ. ಸರಿಯಿದೆಯೋ ಕೆಟ್ಟಿದೆಯೋ ನಂಗೆ ಹೇಗೆ ಗೊತ್ತಾಗ್ಬೇಕು? ಅವತ್ತು ಉಪ್ಪು ಹಾಕದೇ ಬಡಿಸಿದೆ ಗೊತ್ತಾ, ಬೇಕಂತಲೇ. ಇವತ್ತಾದ್ರೂ ಬೈತಾರಾ ನೋಡೋಣ ಅಂತ. ಹೊಟ್ಟೆ ತುಂಬ್ತು ಅಂದ್ರಿ!" ಈಗ ಅವಳು ತಲೆ ಎತ್ತಿದಳು, ಕೆನ್ನೆಯೆಲ್ಲ ಒದ್ದೆ. "ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಅತ್ತೆ ನನ್ನ ಕೈ ಬಿಟ್ಟುಬಿಟ್ರು, ಕಲಿಸೋದು ವ್ಯರ್ಥ ಅಂತ ತೀರ್ಮಾನ ಮಾಡ್ಬಿಟ್ರು ಅಂತ."

ಯಾರ ಕಣ್ಣೀರು ಒರೆಸಲು ಮೇಣದಮ್ಮ ಬಾಯಿ ಕಟ್ಟಿಕೊಂಡಳೋ, ಆ ಹುಡುಗಿಗೆ ಇಷ್ಟು ದಿನ ಅದೇ ಮುಚ್ಚಿದ ಬಾಯಿಂದ ಇನ್ನಷ್ಟು ಕಣ್ಣೀರು ತರಿಸಿದ್ದಳು. ದಾರಿಯಲ್ಲಿ ಅಭ್ಯಾಸ ಮಾಡಿದ ಮಾತುಗಳೆಲ್ಲ ಎಲ್ಲಿ ಹೋದವೋ. ಒಂದು ಕೈಯೂರಿ, ಮಂಡಿ ಕಟಕಟ ಎನಿಸುತ್ತಾ, ಅವಳೂ ನೆಲದ ಮೇಲೆ ಕೂತಳು.

"ತಪಸ್ಸುಕಾಲಕ್ಕೆ ಬಿಟ್ಟಿದ್ದೆ ಕಣೇ."

"ಏನನ್ನ?"

"ಬೈಯೋದನ್ನ."

ಸೊಸೆ ಅವಳ ಮುಖವನ್ನೇ ನೋಡಿದಳು.

"ನೀನು ಅತ್ತಿದ್ದು ಅವತ್ತು ನೋಡಿದ್ದೆ. ಅದಕ್ಕೇ. ಯಾರಿಗೂ ಹೇಳಬಾರದು ಅಂದ್ರು ಫಾದರ್. ಹೇಳದೇ ಇರಕ್ಕೇ ಆ ನೀರು. ಬಾಯೆಲ್ಲ ನೆನೆದು ಹೋಗಿದೆ ನೋಡು, ಒಗೆದು ಹಿಂಡಿದ ಬಟ್ಟೆ ಥರ."

"ಅಂದ್ರೆ ಆ ನೀರು..."

"ಹೂಂ."

"ನಿಮ್ಮ ಮಗ ಸಕ್ಕರೆ ಕಾಯಿಲೆ ಅಂತ ನಿಮ್ಮ ಚಹಾಗೆ ಸಕ್ಕರೆ ಹಾಕೋದೇ ಬಿಡಿಸಿದ್ರು ಅತ್ತೆ, ನಿಮಗೆ ಗೊತ್ತಾಗದ ಹಾಗೆ!"

"ಅದೂ ಗೊತ್ತಾಯ್ತು. ಅದನ್ನೂ ನುಂಗಿದೆ."

ಸೊಸೆಯ ಬಾಯಿಂದ ಅಳುವೋ ನಗುವೋ ತಿಳಿಯದ ಒಂದು ಸದ್ದು ಬಂತು. ನಗುವೇ. ಬಂದದ್ದು ನಿಲ್ಲಲೇ ಇಲ್ಲ. ಮೇಜಿನ ಕಾಲು ಹಿಡಿದು, ಹೊಟ್ಟೆ ಹಿಡಿದು ನಕ್ಕಳು. ಮೇಣದಮ್ಮ ಮೊದಲು ಮುಖ ಗಂಟಿಕ್ಕಿದಳು, ಆಮೇಲೆ ಅವಳಿಗೂ ಅಂಟಿಕೊಂಡಿತು. ಸಾಕಾಗುವಷ್ಟು ನಕ್ಕ ಮೇಲೆ ಇಬ್ಬರೂ ತಲೆಯೆತ್ತಿ ಮೇಜಿನ ಕಡೆ ನೋಡಿದರು. ಬತ್ತಿ ಇನ್ನೂ ಹಾಗೇ ಇತ್ತು, ತಲೆಗೆ ತೂತು.

"ಮೇಣ ತುಂಬಿ ಮುಚ್ಚಿದ್ರೆ?" ಎಂದಳು ಸೊಸೆ.

"ದಾರ ತುಂಡಾಗಿದೆ. ಹೊಸ ದಾರ ಸೇರಿಸಿದ್ರೆ ಜೋಡಿಸಿದ ಕಡೆ ಬಂದಾಗ ಆರುತ್ತೆ. ಈ ಬತ್ತಿ ಆರಿದ್ರೆ ಹಬ್ಬಾನೇ ಆರಿದ ಹಾಗೆ." ಮೇಣದಮ್ಮ ಎಡಗೈ ಗೇಣು ಹಾಕಿ ತಲೆಯಿಂದ ಅಳೆದಳು. ತೂತು ಮುಗಿದ ಮೇಲೆ ಆಲ್ಫಾದವರೆಗೆ ನಾಲ್ಕು ಬೆರಳು ಜಾಗ ಉಳಿದಿತ್ತು. "ಕತ್ತರಿಸ್ಬೇಕು. ತೂತು ಬಿದ್ದಷ್ಟು ಪೂರಾ."

"ಗಿಡ್ಡ ಆಗುತ್ತಲ್ಲ ಅತ್ತೆ! ಹೋದ ವರ್ಷದ್ದಕ್ಕಿಂತ ಗಿಡ್ಡ ಅಂತ ಎಲ್ಲರೂ..."

"ಹಚ್ಚಿದ ಮೇಲೆ ಗಿಡ್ಡ ಆಗ್ದೇ ಇರೋ ಬತ್ತಿ ಎಲ್ಲಾದ್ರೂ ಉಂಟಾ? ಇದು ಒಂಚೂರು ಮುಂಚೆ ಶುರು ಮಾಡ್ಕೊಂಡಿದೆ, ಅಷ್ಟೆ. ಏಳು, ಅಗಲ ಚಾಕು ಬಿಸಿ ಮಾಡು."

ಸೊಸೆ ಚಾಕು ಬಿಸಿ ಮಾಡಿ ತಂದಳು. ಮೇಣದಮ್ಮ ಎಡಗೈಯಲ್ಲಿ ಬತ್ತಿಯನ್ನು ಮೆಲ್ಲಗೆ ಉರುಳಿಸುತ್ತಾ ಹೋದಳು, ಸೊಸೆ ಚಾಕು ಒತ್ತಿ ಸುತ್ತಲೂ ಗೆರೆ ಕೊಯ್ಯುತ್ತಾ ಬಂದಳು. ಒಂದು ಸುತ್ತು, ಮತ್ತೊಂದು ಸುತ್ತು, ಆಳಕ್ಕೆ. ಆದರೆ ಚಾಕು ಸಣ್ಣಗೆ ವಾಲುತ್ತಿತ್ತು. ಮೇಣದಮ್ಮನ ಕಣ್ಣು ಅಭ್ಯಾಸದಂತೆ ಹೂಜಿಯ ಕಡೆ ಓಡಿತು.

"ಬೇಡ ಅತ್ತೆ!" ಎಂದು ಸೊಸೆ ಹೂಜಿಯನ್ನು ದೂರ ತಳ್ಳಿದಳು. "ಹೇಳಿ. ದಮ್ಮಯ್ಯ ಅಂತೀನಿ, ಹೇಳಿ."

ಮೇಣದಮ್ಮ ಉಸಿರು ಹಿಡಿದು ಯೋಚಿಸಿ, ಬತ್ತಿಯ ಅರ್ಧವನ್ನು ಮಾತ್ರ ಹೊರಗೆ ಬಿಟ್ಟಳು. "ಒಂದು ಕೂದಲೆಳೆ ಎಡಕ್ಕೆ."

"ಹೀಗಾ?"

"ಇನ್ನೂ."

"ಈಗ?"

"ಈಗ ಸರಿ. ಬಲವಾಗಿ ಬೇಡ, ಮೇಣಕ್ಕೆ ಭಾರ ಹಾಕಬಾರದು, ಶಾಖ ಕೆಲಸ ಮಾಡ್ಲಿ. ಹಾಂ! ಹಾಗೆ! ಹಾಗೇ ಕಣೇ!"

ಚಾಕು ದಾರ ಮುಟ್ಟಿತು. ಸೊಸೆ ಕತ್ತರಿಯಿಂದ ದಾರ ತುಂಡರಿಸಿದಾಗ ಹಾಳಾದ ತಲೆ ಟಪ್ಪೆಂದು ಮೇಜಿನ ಮೇಲೆ ಉರುಳಿತು. ಹೊಸ ತಲೆಯ ಅಂಚಿನ ಮೇಣವನ್ನು ಸುತ್ತಲೂ ಸವರಿ ಇಳಿಜಾರು ಮಾಡಿ, ದಾರದ ಮೊನೆ ಬಿಡಿಸಿದರು. ಮತ್ತೆ ಬೈರಿಗೆ ತೆಗೆದುಕೊಂಡು, ಈ ಸಲ ಬಟ್ಟೆ ಪೂರ್ತಿ ತೆಗೆದು, ಇಬ್ಬರೂ ಜೋರಾಗಿ, "ಇದು ತಲೆ! ಇದು ಬುಡ!" ಎಂದು ಬೆರಳು ತೋರಿಸಿ ಕೂಗಿಕೊಂಡೇ ಕೊರೆದರು.

ಆ ಕೂಗಿಗೆ ಮಗ ಹೆಗಲ ಚೀಲದ ಸಮೇತ ಓಡಿಬಂದ. ಬೀದಿ ತಿರುವಿಗೇ ಕೇಳಿಸಿತ್ತಂತೆ. "ಏನಾಯ್ತು? ಜಗಳವಾ?"

"ಹೂಂ ಕಣ್ರೀ" ಎಂದಳು ಸೊಸೆ, ಮೂಗಿನ ತುದಿಯಲ್ಲಿ ಮೇಣದ ಪುಡಿ.

"ದೇವರು ದೊಡ್ಡವನು" ಎಂದು ಮಗ ಬಾಗಿಲಲ್ಲೇ ಕುಸಿದು ಕೂತ. "ಈ ಮನೇಲಿ ಸದ್ದಿಲ್ಲದೆ ನಂಗೆ ನಿದ್ದೆ ಹತ್ತಿಲ್ಲ ಇಷ್ಟು ದಿನ."

"ನಂಗೆ ಚಹಾ ಮಾಡಿ ತಾ, ಹೋಗು" ಎಂದಳು ಅಮ್ಮ. "ಸಕ್ಕರೆ ಹಾಕಿ."

ಕತ್ತಲು ಇಳಿದ ಮೇಲೆ ಚರ್ಚಿನ ಅಂಗಳದಲ್ಲಿ ಜನ ಸೇರಿದರು. ಒಳಗೆ ಒಂದು ದೀಪವೂ ಇರಲಿಲ್ಲ. ಬಾಣಲಿಯಲ್ಲಿ ಬೆಂಕಿ ಭುಗ್ಗೆಂದು ಎದ್ದಿತು. ಫಾದರ್ ಹೊಸ ಬೆಂಕಿಯನ್ನು ಆಶೀರ್ವದಿಸುವಾಗ ಒಂದು ಸಲ ಮೇಣದಮ್ಮನ ಕಡೆ ನೋಡಿದರು. ಅವಳು ಬೆಂಕಿಯ ಹತ್ತಿರ ಹೋಗಿ ಅಂಗೈ ಕಾಯಿಸಿಕೊಂಡವಳಂತೆ ಕೈ ಚಾಚಿ, ಏನನ್ನೋ ಅದರೊಳಗೆ ಬಿಡುವ ಹಾಗೆ ಬೆರಳು ಬಿಡಿಸಿ ಬಂದಳು. ಅದೇನೆಂದು ಫಾದರ್‌ಗೆ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ.

ಬತ್ತಿ ಹತ್ತಿತು. ಮೊದಲು ತಡಬಡಿಸಿ, ಒಂದು ಗಾಳಿಗೆ ಇಷ್ಟೇ ಇಷ್ಟಾಗಿ ಕುಗ್ಗಿತು. ಸೊಸೆ ಅತ್ತೆಯ ಎಡಗೈ ಹಿಡಿದುಕೊಂಡಳು. ಆಮೇಲೆ ಜ್ವಾಲೆ ನೆಟ್ಟಗೆ ನಿಂತಿತು. "ಕ್ರಿಸ್ತನ ಬೆಳಕು!" ಎಂದು ಫಾದರ್ ಹಾಡಿ ಎತ್ತಿ ಹಿಡಿದರು. ಕೆಂಪು ಶಿಲುಬೆ ಕಾಲ ಮೇಲೆ ನಿಂತಿತ್ತು, ಆಲ್ಫಾ ಮೇಲೆ, ಒಮೇಗಾ ಕೆಳಗೆ. ಗಿಡ್ಡವಾಗಿದೆಯೆಂದು ಯಾರೂ ಅನ್ನಲಿಲ್ಲ. ಎತ್ತರದ ಫಾದರ್ ಎತ್ತಿದ ಮೇಲೆ ಯಾವ ಬತ್ತಿ ತಾನೇ ಗಿಡ್ಡ ಕಂಡೀತು? ಕತ್ತಲೆಯ ಚರ್ಚಿನೊಳಗೆ ಆ ಒಂದೇ ಬೆಳಕು ನಡೆದುಹೋಯಿತು, ಅದರಿಂದ ಒಬ್ಬರು ಹಚ್ಚಿಕೊಂಡು, ಅವರಿಂದ ಇನ್ನೊಬ್ಬರು, ಕೈಯಿಂದ ಕೈಗೆ, ಗೋಡೆಯಿಂದ ಗೋಡೆಯವರೆಗೆ.

ಬೈಬಲ್ ವಾಚನಗಳಾದವು. ಮೇಣದಮ್ಮ ಅರ್ಧ ಕೇಳಿದಳು, ಅರ್ಧ ಬತ್ತಿಯನ್ನೇ ನೋಡಿದಳು. ಮತ್ತೆ ಫಾದರ್ ಮಹಿಮಾಗೀತೆ ಎತ್ತಿಕೊಂಡರು. ಗಂಟೆ ತಾತ ಎರಡು ದಿನದಿಂದ ಕಟ್ಟಿಟ್ಟಿದ್ದ ಹಗ್ಗಕ್ಕೆ ಜೋತುಬಿದ್ದ. ಮೇಲಿನ ಗಂಟೆ, ಪೀಠದ ಗಂಟೆ, ಎಲ್ಲ ಒಟ್ಟಿಗೆ ಬಾಯಿ ಬಿಟ್ಟವು. ದೀಪಗಳು ಝಗ್ಗೆಂದು ಹತ್ತಿದವು.

"ಅತ್ತೆ!" ಸೊಸೆ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು. "ತಪಸ್ಸು ಮುಗೀತು! ಈಗ ಹೇಳಿ, ಕೂಡಿಟ್ಟಿದ್ದೆಲ್ಲ!"

"ಸುಮ್ನಿರು, ಹಾಡಬೇಕು ಈಗ."

"ಒಂದಾದ್ರೂ ಹೇಳಿ!"

ಹಾಗೆ ಬಾಗಿ ಪೀಡಿಸುವ ಭರದಲ್ಲಿ ಸೊಸೆಯ ಕೈಯ ಪುಟ್ಟ ಬತ್ತಿಯಿಂದ ಬಿಸಿ ಮೇಣ ತಟತಟನೆ ಮೇಣದಮ್ಮನ ಹೊಸ ರವಿಕೆಯ ತೋಳಿನ ಮೇಲೆ ಸುರಿಯಿತು.

"ಲೇ, ನೆಟ್ಟಗೆ ಹಿಡಿಯೇ! ಮೇಣದ ಮನೆ ಸೊಸೆಯಾಗಿ ಒಂದು ಬತ್ತಿ ಹಿಡಿಯಕ್ಕೆ ಬರಲ್ವಾ ನಿಂಗೆ!"

ಅವಳು ಅದನ್ನು ಅಂದದ್ದು ಸರಿಯಾಗಿ ಗಂಟೆಗಳು ನಿಂತ ಗಳಿಗೆಯಲ್ಲಿ. ಇಡೀ ಚರ್ಚಿಗೆ ಕೇಳಿಸಿತು. ಸಾಲು ಸಾಲು ಮುಖಗಳು ಹಿಂದಕ್ಕೆ ತಿರುಗಿದವು. ಬೇಕರಿಯವನು, "ಅಬ್ಬ, ವಾಸಿಯಾಯ್ತು ಇವರಿಗೆ" ಎಂದ. ಮಗ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡ. ಪೀಠದ ಮೇಲೆ ಫಾದರ್ ಯಾಕೋ ತುಂಬಾ ಹೊತ್ತು ಪುಟ ಹುಡುಕುತ್ತಲೇ ಇದ್ದರು.

ಸೊಸೆಯ ಮುಖದ ಮೇಲೆ ಮಾತ್ರ ಇನ್ನೊಂದು ಹಬ್ಬ ಬಂದ ಹಾಗಿತ್ತು. ಅವಳು ತನ್ನ ಬತ್ತಿಯನ್ನು ಕಣ್ಣ ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಮೊದಲ ಸಲ ಅತ್ತೆಯ ದನಿಯಲ್ಲೇ ಹೇಳಿದಳು:

"ಹಿಡಿದಿದ್ದು ನೆಟ್ಟಗೇ ಇದೆ ಅತ್ತೆ. ಒಳಗಿನ ದಾರವೇ ಒಂದು ಪಕ್ಕಕ್ಕೆ ವಾಲಿದೆ. ಈ ಸಲದ ಪುಟ್ಟ ಬತ್ತಿಗೆಲ್ಲ ಎಡಗೈಯಲ್ಲಿ ದಾರ ಪೋಣಿಸ್ತೀನಿ ಅಂತ ಹಟ ಹಿಡಿದೋರು ಯಾರು?"

ಮೇಣದಮ್ಮ ಬತ್ತಿ ನೋಡಿದಳು. ಸುತ್ತಲಿನವರ ಕೈಯ ಬತ್ತಿಗಳನ್ನೂ ನೋಡಿದಳು. ಒಂದೊಂದೂ ಒಂದೊಂದು ದಿಕ್ಕಿಗೆ ಮೇಣ ಸುರಿಸುತ್ತಿತ್ತು.

"ಹೇಳು, ಹೇಳು" ಎಂದಳು ಆಮೇಲೆ, ತೋಳಿನ ಮೇಣವನ್ನು ಉಗುರಿಂದ ಕೆರೆಯುತ್ತಾ. "ಇನ್ನೇನೇನು ವಾಲಿದೆ, ಎಲ್ಲಾ ಹೇಳು. ನಾಳೆ ಊಟಕ್ಕೆ ಕೂತಾಗ ನಾನೂ ಶುರು ಮಾಡ್ತೀನಿ, ಬೂದಿ ಬುಧವಾರದಿಂದ."

ಅಷ್ಟರಲ್ಲಿ ಅಲ್ಲೆಲೂಯ ಶುರುವಾಯಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ, ಇಬ್ಬರೂ ಶ್ರುತಿ ತಪ್ಪಿ, ಎಲ್ಲರಿಗಿಂತ ಜೋರಾಗಿ ಹಾಡಿದರು.